ಒಂದೇ ಪರದೆಯ ಮುಂದೆ ಇಡೀ ಮನೆ

ಕಳೆದ ಮಳೆಗಾಲದ ಒಂದು ಸಂಜೆ ಮನೆಭೇಟಿಗೆಂದು ಒಂದು ಕುಟುಂಬಕ್ಕೆ ಹೋಗಿದ್ದೆವು. ಅಜ್ಜಿ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ತಾಯಿ ಅಡುಗೆಮನೆಯಲ್ಲಿದ್ದರು. ತಂದೆ ಬಾಗಿಲಲ್ಲೇ ಎದುರುಗೊಂಡು ಒಳಗೆ ಕರೆದರು. ಹನ್ನೆರಡು ವರ್ಷದ ಮಗ ಮಾತ್ರ ಕೋಣೆಯಿಂದ ಹೊರಗೆ ಬರಲಿಲ್ಲ.

"ನೀವು ಹೇಳಿದ ಹಾಗೆಯೇ ಮಾಡಿದೆ ಫಾದರ್. ಮೊಬೈಲ್ ಕಸಿದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈಗ ಮೂರು ದಿನದಿಂದ ಅವನು ನನ್ನಲ್ಲಿ ಮಾತೇ ಆಡುವುದಿಲ್ಲ" ಎಂದರು ತಂದೆ.

ಹೌದು, ಹಾಗೆ ಹೇಳಿದವರು ನಾವೇ. ಹೆತ್ತವರ ಸಭೆಯೊಂದರಲ್ಲಿ ವೀಡಿಯೋ ಗೇಮ್‌ಗಳ ಮಾತು ಬಂದಾಗ "ಮುಲಾಜಿಲ್ಲದೆ ನಿಲ್ಲಿಸಿಬಿಡಿ" ಎಂದು ಎರಡು ಪದಗಳಲ್ಲಿ ಮುಗಿಸಿದ್ದೆವು. ಹೇಳುವುದು ಸುಲಭವಾಗಿತ್ತು. ಅದರ ನಂತರದ ಮೂರು ದಿನಗಳ ಮೌನ ಮಾತ್ರ ಆ ಮನೆಯವರ ಪಾಲಿಗೆ ಬಂತು.

ಕೋಣೆಗೆ ಹೋಗಿ ಹುಡುಗನ ಪಕ್ಕದಲ್ಲಿ ಕುಳಿತು, ಯಾವ ಆಟ ಆಡುತ್ತೀಯಾ ಎಂದು ಕೇಳಿದೆವು. ಆಕಾಶನೌಕೆಯಲ್ಲಿ ಕುಳಿತು ಶತ್ರು ನೌಕೆಗಳಿಗೆ ಗುಂಡು ಹೊಡೆಯುವ ಆಟ ಎಂದ. "ಯಾವಾಗಲೂ ಒಬ್ಬನೇ ಆಡುತ್ತೀಯಾ?" ಎಂದು ಕೇಳಿದ್ದಕ್ಕೆ, "ಮತ್ತೆ ಯಾರಿದ್ದಾರೆ ಫಾದರ್?" ಎಂದು ಮರುಪ್ರಶ್ನೆ ಹಾಕಿದ. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಕ್ಕ ಎಲ್ಲರೂ ಇರುವಾಗ ಆ ಮಗು ಹೇಳಿದ ಉತ್ತರ ಅದು.

ಆ ಮಾತು ನಮ್ಮನ್ನು ಬಿಡಲಿಲ್ಲ. ನಾವು ಬೇಡವೆಂದು ಹೇಳಿದ ಆಟ ಯಾವುದು, ಅದು ಎಲ್ಲಿಂದ ಬಂತು ಎಂಬುದನ್ನು ನಾವೇ ತಿಳಿದಿರಲಿಲ್ಲ. ಆಮೇಲೆ ಸ್ವಲ್ಪ ಓದಿದೆವು, ಸ್ವಲ್ಪ ಆಡಿಯೂ ನೋಡಿದೆವು. ಹಾಗೆ ತಿಳಿದುಕೊಂಡದ್ದನ್ನು ನಮ್ಮ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಇಬ್ಬರಿಲ್ಲದೆ ಆಡಲಾಗದ ಆಟ

ಆಕಾಶನೌಕೆಗಳ ಕಾದಾಟದ ಆಟ ಇಂದು ನಿನ್ನೆಯದಲ್ಲ. ಅಮೆರಿಕದ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಅಂದರೆ ಎಂ.ಐ.ಟಿ.ಗೆ, 1961ರಲ್ಲಿ ಪಿ.ಡಿ.ಪಿ.-1 ಎಂಬ ಕಂಪ್ಯೂಟರ್ ಬಂತು. ಅದರ ಬೆಲೆ ಸುಮಾರು 1,20,000 ಡಾಲರ್. ಆ ಕಾಲದ ಎಷ್ಟೋ ಕಂಪ್ಯೂಟರ್‌ಗಳಿಗೆ ಇಲ್ಲದ ಒಂದು ಸೌಲಭ್ಯ ಇದಕ್ಕಿತ್ತು: ಚುಕ್ಕೆಗಳನ್ನು ಮೂಡಿಸಬಲ್ಲ ದುಂಡನೆಯ ಪರದೆ. ಈ ಯಂತ್ರದ ಶಕ್ತಿಯನ್ನು ತೋರಿಸಿಕೊಡಲು ಏನು ಮಾಡಬಹುದು ಎಂದು ಸ್ಟೀವ್ ರಸೆಲ್, ಮಾರ್ಟಿನ್ ಗ್ರೇಟ್ಜ್, ವೇಯ್ನ್ ವಿಟಾನೆನ್ ಎಂಬ ಮೂವರು ಗೆಳೆಯರು ಯೋಚಿಸಿದರು. ಅವರು ಇ. ಇ. ಸ್ಮಿತ್ ಎಂಬ ಲೇಖಕರ ಅಂತರಿಕ್ಷ ಸಾಹಸದ ಕತೆಗಳನ್ನು ಇಷ್ಟಪಟ್ಟು ಓದುತ್ತಿದ್ದವರು. ಹೀಗೆ 1962ರ ಆರಂಭದಲ್ಲಿ 'ಸ್ಪೇಸ್‌ವಾರ್' ಎಂಬ ಆಟ ಹುಟ್ಟಿತು.

ಪರದೆಯ ಮೇಲೆ ಎರಡು ಪುಟ್ಟ ನೌಕೆಗಳು. ಒಂದು ಸೂಜಿಯಂತೆ ಸಪೂರ, ಇನ್ನೊಂದು ಬೆಣೆಯ ಆಕಾರ. ನಡುವೆ ಒಂದು ನಕ್ಷತ್ರ. ಅದು ತನ್ನ ಗುರುತ್ವಾಕರ್ಷಣೆಯಿಂದ ಎರಡೂ ನೌಕೆಗಳನ್ನು ತನ್ನತ್ತ ಎಳೆಯುತ್ತಿರುತ್ತದೆ. ಇಂಧನಕ್ಕೆ ಮಿತಿ, ಸಿಡಿಗುಂಡುಗಳಿಗೂ ಮಿತಿ. ನಕ್ಷತ್ರಕ್ಕೆ ಬಡಿಯದೆ, ಎದುರಾಳಿಗೆ ಸಿಗದೆ, ಗುರಿಯಿಟ್ಟು ಹೊಡೆಯಬೇಕು.

ಈ ಆಟ ಬೆಳೆದ ಬಗೆ ನಮಗೆ ಬಹಳ ಹಿಡಿಸಿತು. ನೌಕೆ ತಿರುಗಬೇಕಾದರೆ ತ್ರಿಕೋನಮಿತಿಯ ಲೆಕ್ಕ ಬೇಕು. ಅದನ್ನು ಮಾಡುವ ಕ್ರಮವಿಧಿ ತನಗೆ ತಿಳಿಯದು ಎಂದು ರಸೆಲ್ ಕೆಲಸವನ್ನು ಮುಂದೂಡುತ್ತಿದ್ದಾಗ, ಅಲನ್ ಕೋಟಕ್ ಎಂಬ ಗೆಳೆಯ ಕಂಪ್ಯೂಟರ್ ತಯಾರಿಸಿದ ಕಂಪೆನಿಯಿಂದ ಅದನ್ನು ತಂದು ಮುಂದಿಟ್ಟ. ಪೀಟರ್ ಸ್ಯಾಮ್ಸನ್ ನಿಜವಾದ ಆಕಾಶದ ನಕ್ಷತ್ರಗಳನ್ನೇ ಹಿನ್ನೆಲೆಯಲ್ಲಿ ಮೂಡಿಸಿದ. ಡ್ಯಾನ್ ಎಡ್ವರ್ಡ್ಸ್ ಗುರುತ್ವಾಕರ್ಷಣೆಯನ್ನು ಸೇರಿಸಿದ. ಯಂತ್ರದ ಸ್ವಿಚ್ಚುಗಳನ್ನು ಒತ್ತಿ ಒತ್ತಿ ಮೊಣಕೈ ನೋಯುತ್ತದೆಂದು ಕೋಟಕ್ ಮತ್ತು ಬಾಬ್ ಸಾಂಡರ್ಸ್ ಸೇರಿ ಕೈಯಲ್ಲಿ ಹಿಡಿಯುವ ಪೆಟ್ಟಿಗೆಗಳನ್ನು ಮಾಡಿದರು. ಇಂದಿನ ಜಾಯ್‌ಸ್ಟಿಕ್‌ಗಳ ಹಿರಿಯಣ್ಣ ಅದು. ಇದರಿಂದ ಅವರು ಹಣ ಮಾಡಲಿಲ್ಲ. ಕೇಳಿದವರಿಗೆಲ್ಲ ಆಟವನ್ನು ಹಾಗೆಯೇ ಹಂಚಿದರು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೆಯೇ ಇದೆ. ಈ ಆಟವನ್ನು ಒಬ್ಬರೇ ಆಡುವಂತಿರಲಿಲ್ಲ. ಕಂಪ್ಯೂಟರ್ ಎದುರಾಳಿಯಾಗಿ ಆಡುತ್ತಿರಲಿಲ್ಲ. ಒಂದೇ ಪರದೆಯ ಮುಂದೆ ಇಬ್ಬರು ಮನುಷ್ಯರು ಭುಜಕ್ಕೆ ಭುಜ ತಾಗಿಸಿ ಕುಳಿತರೆ ಮಾತ್ರ ಆಟ. ಅಂತರಿಕ್ಷ ಕಾದಾಟದ ಆಟಗಳ ಮೂಲದಲ್ಲೇ ಜೊತೆಗಾರ ಇದ್ದ ಎಂಬುದು ಹೆತ್ತವರು ನೆನಪಿಡಬೇಕಾದ ವಿಷಯ.

ಐವತ್ತೈದು ಶತ್ರುಗಳು, ಒಬ್ಬನೇ ಕಾವಲುಗಾರ

ಹಾಗಾದರೆ ಆಟಗಾರ ಒಂಟಿಯಾದದ್ದು ಯಾವಾಗ? ಕಂಪ್ಯೂಟರ್ ಪ್ರಯೋಗಾಲಯದಿಂದ ಆಟ ಅಂಗಡಿಗೆ ಬಂದಾಗ. 1971ರಲ್ಲಿ ಅಮೆರಿಕದಲ್ಲಿ ನೋಲನ್ ಬುಶ್ನೆಲ್ ಮತ್ತು ಟೆಡ್ ಡಾಬ್ನಿ ನಾಣ್ಯ ಹಾಕಿ ಆಡುವ 'ಕಂಪ್ಯೂಟರ್ ಸ್ಪೇಸ್' ಯಂತ್ರವನ್ನು ರೂಪಿಸಿದರು. ಅದರಲ್ಲಿ ಒಬ್ಬ ಆಟಗಾರ ಯಂತ್ರದ ವಿರುದ್ಧ ಆಡುತ್ತಿದ್ದ. ಬಳಿಕ 1978ರಲ್ಲಿ ಜಪಾನಿನ ಟೈಟೋ ಕಂಪೆನಿಯ ತೊಮೊಹಿರೊ ನಿಶಿಕಾಡೊ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟವನ್ನು ಹೊರತಂದರು. ಅದು ಜಗತ್ತಿನ ಮನೆಮಾತಾಯಿತು.

ಇದರ ಕಟ್ಟು ಬಹಳ ಸರಳ. ಸಾಲಿಗೆ ಹನ್ನೊಂದರಂತೆ ಐದು ಸಾಲು, ಒಟ್ಟು 55 ಅನ್ಯಗ್ರಹ ಜೀವಿಗಳು. ಅವು ಎಡಕ್ಕೂ ಬಲಕ್ಕೂ ಸರಿಯುತ್ತಾ, ಅಂಚು ಮುಟ್ಟಿದಾಗಲೆಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಕೆಳಗೆ ಆಟಗಾರನ ಒಂದು ಫಿರಂಗಿ. ಅದು ಎಡಬಲಕ್ಕೆ ಮಾತ್ರ ಚಲಿಸಬಲ್ಲದು. ಮರೆಗೆ ನಾಲ್ಕು ಗೋಡೆಗಳಿವೆ, ಅವೂ ಗುಂಡು ತಾಗಿ ತಾಗಿ ಸವೆಯುತ್ತವೆ. ಶತ್ರು ನೆಲ ಮುಟ್ಟಿದರೆ ಆಟ ಮುಗಿಯಿತು. ಎಲ್ಲರನ್ನೂ ಹೊಡೆದರೆ ಮತ್ತೆ 55 ಬರುತ್ತವೆ. ಗೆದ್ದೆ ಎಂದು ಎದ್ದು ಬರುವ ಘಳಿಗೆ ಅದರಲ್ಲಿಲ್ಲ.

ಆಟ ಮುಂದುವರಿದಂತೆ ಉಳಿದ ಶತ್ರುಗಳು ವೇಗವಾಗಿ ಓಡತೊಡಗುತ್ತವೆ. ಇದರ ಹಿಂದೆ ಒಂದು ಸ್ವಾರಸ್ಯವಿದೆ. ಆ ಕಾಲದ ಪ್ರೊಸೆಸರ್‌ಗೆ 55 ಚಿತ್ರಗಳನ್ನು ಚಲಿಸುವುದು ಹೆಚ್ಚಿನ ಹೊರೆಯಾಗಿತ್ತು. ಒಂದೊಂದೇ ಕಡಿಮೆಯಾದಂತೆ ಹೊರೆ ಇಳಿದು ಉಳಿದವು ತಾವಾಗಿಯೇ ಚುರುಕಾದವು. ನಿಶಿಕಾಡೊ ಆ ಕೊರತೆಯನ್ನು ಹಾಗೆಯೇ ಉಳಿಸಿಕೊಂಡರು. ಆಟದ ರೋಮಾಂಚನವೇ ಅದಾಯಿತು. ಹಿನ್ನೆಲೆಯಲ್ಲಿ ನಾಲ್ಕೇ ಸ್ವರಗಳ 'ಡುಂ, ಡುಂ' ಸದ್ದು ಕೂಡ ಜೊತೆಗೇ ವೇಗಗೊಂಡು ಎದೆಬಡಿತದಂತೆ ಕೇಳಿಸುತ್ತದೆ.

ನಾಣ್ಯ ಹಾಕುವ ಯಂತ್ರಕ್ಕೆ ಆಟಗಾರ ಬೇಗ ಸೋತರೆ ಲಾಭ. ಇಬ್ಬರು ಬಂದರೂ ಇದರಲ್ಲಿ ಸರದಿಯಂತೆ ಒಬ್ಬರಾದ ಮೇಲೆ ಒಬ್ಬರು ಆಡಬೇಕಿತ್ತು. ಹೀಗೆ ಪಕ್ಕದಲ್ಲಿದ್ದ ಜೊತೆಗಾರ ಹಿಂದೆ ಸರಿದು ಸರದಿಯಲ್ಲಿ ನಿಂತ.

ಮತ್ತೆ ಪಕ್ಕದಲ್ಲಿ ಕುಳಿತವರು

ಆಟ ಮನೆಯೊಳಗೆ ಬಂದಾಗ ಜೊತೆಗಾರನೂ ಸ್ವಲ್ಪ ಮಟ್ಟಿಗೆ ಮರಳಿ ಬಂದ. 1980ರಲ್ಲಿ ಅಟಾರಿ ಕಂಪೆನಿಯು ಸ್ಪೇಸ್ ಇನ್ವೇಡರ್ಸ್ ಆಟವನ್ನು ಟಿ.ವಿ.ಗೆ ಜೋಡಿಸಿ ಆಡುವ ತನ್ನ ಯಂತ್ರಕ್ಕೆ ತಂದಿತು. ಅದರಲ್ಲಿ 112 ಬಗೆಗಳಿದ್ದವು. ಇಬ್ಬರು ಒಟ್ಟಿಗೆ ಆಡುವ, ಇಬ್ಬರೂ ಸೇರಿ ಒಂದೇ ಫಿರಂಗಿಯನ್ನು ಹಂಚಿಕೊಳ್ಳುವ ಬಗೆಗಳೂ ಅವುಗಳಲ್ಲಿದ್ದವು.

ನಮ್ಮ ವಯಸ್ಸಿನವರಿಗೆ ಇನ್ನೊಂದು ನೆನಪಿರಬಹುದು. 1990ರ ದಶಕದಲ್ಲಿ ಗಲ್ಫ್‌ನಿಂದ ಬರುವ ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಟ್ಯಾಂಗ್ ಡಬ್ಬ, ಅತ್ತರಿನ ಬಾಟಲಿಗಳ ನಡುವೆ ಒಂದು ವೀಡಿಯೋ ಗೇಮ್ ಯಂತ್ರವೂ ಇರುತ್ತಿತ್ತು. ಟಿ.ವಿ.ಯ ಹಿಂದೆ ವಯರ್ ಚುಚ್ಚಿ, ಕ್ಯಾಸೆಟ್ ಒತ್ತಿ ಕೂರಿಸಿ, ಕೆಲಸ ಮಾಡದಿದ್ದರೆ ತೆಗೆದು ಬಾಯಿಂದ ಊದಿ ಮತ್ತೆ ಹಾಕುವುದು. ಅದರಲ್ಲಿ ಮರಿಯೋ ಇರುತ್ತಿತ್ತು, ಜಪಾನಿನ ನಾಮ್ಕೋ ಕಂಪೆನಿ 1979ರಲ್ಲಿ ಹೊರತಂದ 'ಗ್ಯಾಲಕ್ಸಿಯನ್' ಕೂಡ ಇರುತ್ತಿತ್ತು. ಊರಿಗೆಲ್ಲ ಒಂದೇ ಯಂತ್ರ, ಎರಡೇ ಜಾಯ್‌ಸ್ಟಿಕ್, ಆದರೆ ಜಗಲಿಯಲ್ಲಿ ಹತ್ತು ಮಕ್ಕಳು. ಆಡುವವರು ಇಬ್ಬರಾದರೆ ಬುದ್ಧಿ ಹೇಳುವವರು ಎಂಟು. ಕರೆಂಟ್ ಹೋದರೆ ಎಲ್ಲರೂ ಅಂಗಳಕ್ಕೆ ಲಗೋರಿಗೆ. ನಮ್ಮನ್ನು ಆ ಆಟ ಕೆಡಿಸಲಿಲ್ಲವಾದರೆ ಅದಕ್ಕೆ ಕಾರಣ ನಾವು ಒಳ್ಳೆಯ ಮಕ್ಕಳಾಗಿದ್ದುದಲ್ಲ. ನಾವು ಒಂಟಿಯಾಗಿರಲಿಲ್ಲ, ಅಷ್ಟೇ.

ಇತ್ತೀಚಿನ ವರ್ಷಗಳಲ್ಲಿ ಹಳೆಯ ಕಾಲದ ಮಾದರಿಯಲ್ಲೇ ಹೊಸ ಆಟಗಳನ್ನು ಕಟ್ಟುವ ಒಲವು ಬೆಳೆದಿದೆ. ಸರಳ ಚಿತ್ರ, ಕೆಲವೇ ಗುಂಡಿಗಳು, ಆದರೆ ಹಲವರು ಒಟ್ಟಿಗೆ ಆಡುವಂಥವು. ಸ್ಪೇಸ್ ಇನ್ವೇಡರ್ಸ್‌ಗೆ 40 ವರ್ಷ ತುಂಬಿದ 2018ರಲ್ಲಿ ಟೋಕಿಯೋದ ರೊಪ್ಪೊಂಗಿ ಹಿಲ್ಸ್‌ನಲ್ಲಿ ಅದರ ಪ್ರದರ್ಶನ ನಡೆಯಿತು. ಅಲ್ಲಿ 'ಗಿಗಾಮ್ಯಾಕ್ಸ್' ಎಂಬ ಹೊಸ ರೂಪವನ್ನು ದೊಡ್ಡ ಪರದೆಯ ಮೇಲೆ ಹತ್ತು ಜನ ಒಟ್ಟಿಗೆ ನಿಂತು ಆಡಿದರು. ಮುಂದೆ 2020ರಲ್ಲಿ ಮನೆಯ ಟಿ.ವಿ.ಯಲ್ಲಿ ನಾಲ್ವರು ಆಡುವ ಅದರ ರೂಪವೂ ಬಂತು. ನಾಲ್ಕು ದಶಕ ಒಬ್ಬನೇ ಕಾವಲು ನಿಂತಿದ್ದವನ ಪಕ್ಕಕ್ಕೆ ಕೊನೆಗೂ ಮೂವರು ಬಂದರು.

ನಮಗೆ ಹೆಚ್ಚು ಇಷ್ಟವಾದದ್ದು ಇನ್ನೊಂದು. ಕೆನಡಾದ ಟೊರಾಂಟೋದಲ್ಲಿ ಮೂವರು ಸೇರಿ ಕಟ್ಟಿದ 'ಆಸ್ಟರಾಯ್ಡ್ ಬೇಸ್' ಎಂಬ ಪುಟ್ಟ ತಂಡ 2015ರಲ್ಲಿ ಹೊರತಂದ ಆಟ ಅದು. ಹೆಸರು 'ಲವರ್ಸ್ ಇನ್ ಎ ಡೇಂಜರಸ್ ಸ್ಪೇಸ್‌ಟೈಮ್'. ಹೆಸರು ಕೇಳಿ ಹುಬ್ಬೇರಿಸಬೇಡಿ. ಇದು ಪ್ರೇಮಕತೆಯ ಆಟವಲ್ಲ. ಅಂತರಿಕ್ಷದಲ್ಲಿ ಸೆರೆಸಿಕ್ಕ ಮೊಲದಂಥ ಪುಟ್ಟ ಪ್ರಾಣಿಗಳನ್ನು ಬಿಡಿಸಿ ತರುವ ರಕ್ಷಣಾ ತಂಡದ ಕತೆ. ಮೊದಲು ಇಬ್ಬರಿಗೆಂದು ಬಂದ ಆಟದಲ್ಲಿ ಬಳಿಕ ನಾಲ್ವರು ಆಡುವ ಅನುಕೂಲವಾಯಿತು.

ಇಲ್ಲಿ ಎಲ್ಲರಿಗೂ ಸೇರಿ ಒಂದೇ ನೌಕೆ. ಚೆಂಡಿನಂತೆ ದುಂಡಗಿನ ಆ ನೌಕೆಯೊಳಗೆ ಮಾಳಿಗೆಗಳು, ಏಣಿಗಳು. ಎಂಜಿನ್ ಒಂದು ಕಡೆ, ರಕ್ಷಣೆಯ ಗುರಾಣಿ ಇನ್ನೊಂದು ಕಡೆ, ನಕ್ಷೆ ಮತ್ತೊಂದು ಕಡೆ. ಮೇಲೆ, ಕೆಳಗೆ, ಎಡ, ಬಲ ಎಂದು ನಾಲ್ಕು ದಿಕ್ಕಿಗೆ ನಾಲ್ಕು ಫಿರಂಗಿ. ಮಾಡಬೇಕಾದ ಕೆಲಸಗಳ ಸಂಖ್ಯೆ ಆಡುವವರ ಸಂಖ್ಯೆಗಿಂತ ಯಾವಾಗಲೂ ಹೆಚ್ಚು. ಎಂಜಿನ್ ಹಿಡಿದವನು ಗುಂಡು ಹೊಡೆಯಲಾರ. ಗುಂಡು ಹೊಡೆಯುವವಳು ನೌಕೆ ತಿರುಗಿಸಲಾರಳು. ಗುರಾಣಿ ನೌಕೆಯ ಒಂದು ಪಕ್ಕವನ್ನಷ್ಟೇ ಮುಚ್ಚುತ್ತದೆ, ಅಪಾಯ ಬಂದ ದಿಕ್ಕಿಗೆ ಅದನ್ನು ಯಾರಾದರೂ ಓಡಿಬಂದು ತಿರುಗಿಸಬೇಕು. ಆದ್ದರಿಂದ ಬಾಯಿ ಬಿಟ್ಟು ಮಾತಾಡದೆ ಈ ಆಟ ಒಂದು ನಿಮಿಷವೂ ಸಾಗದು. "ಎಡಗಡೆ ಬಂತು ನೋಡು", "ನಾನು ಕೆಳಗೆ ಹೋಗುತ್ತೇನೆ, ನೀನು ಗುರಾಣಿ ಹಿಡಿ" ಎಂದು ಹೇಳುತ್ತಲೇ ಇರಬೇಕು. ಒಬ್ಬ ಎಷ್ಟೇ ಜಾಣನಾದರೂ ಬೇರೆಯವರು ನಿದ್ದೆ ಹೋದರೆ ಇಡೀ ನೌಕೆ ಮುಳುಗುತ್ತದೆ. ಒಬ್ಬರೇ ಆಡುವುದಾದರೆ ಸಹಾಯಕ್ಕೆ ಒಂದು ನಾಯಿಯನ್ನೋ ಬೆಕ್ಕನ್ನೋ ಕೊಡುತ್ತಾರೆ. ಅಂದರೆ ಇಲ್ಲಿ ಪೂರ್ತಿ ಒಂಟಿಯಾಗಲು ಬಿಡುವುದೇ ಇಲ್ಲ.

ಗುಂಡು ಹೊಡೆಯುವ ಆಟ ಮಕ್ಕಳಿಗೆ ಸರಿಯೇ?

ಅನೇಕ ತಾಯಂದಿರ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಆಟಗಳಲ್ಲೂ ತರತಮವಿದೆ ಎಂಬುದನ್ನು ಮೊದಲು ಅರಿಯಬೇಕು. ಸ್ಪೇಸ್ ಇನ್ವೇಡರ್ಸ್ ರೂಪುಗೊಳ್ಳುತ್ತಿದ್ದಾಗಲೇ ಈ ಮಾತು ಎದ್ದಿತ್ತು. ನಿಶಿಕಾಡೊ ಟ್ಯಾಂಕು, ವಿಮಾನ, ಹಡಗು ಮುಂತಾದ ಗುರಿಗಳನ್ನು ಯೋಚಿಸಿದ್ದರು. ಪರದೆಯ ಮೇಲೆ ಚೆನ್ನಾಗಿ ಚಲಿಸುತ್ತಿದ್ದ ಆಕೃತಿ ಮನುಷ್ಯರದ್ದು. ಆದರೆ ಮನುಷ್ಯರಿಗೆ ಗುಂಡು ಹೊಡೆಯುವ ಆಟ ನೈತಿಕವಾಗಿ ಸರಿಯಲ್ಲವೆಂದು ಅದನ್ನು ಕೈಬಿಟ್ಟರು. ಬದಲಿಗೆ ಅಷ್ಟಪದಿ, ಏಡಿ, ಬೊಂಡಾಸಿನಂತಹ ಜಲಚರಗಳನ್ನು ಹೋಲುವ ಆಕೃತಿಗಳನ್ನು ಬಿಡಿಸಿದರು. ಆಟದ ಲೋಕದಲ್ಲೂ ಒಬ್ಬ ಮನುಷ್ಯ ಇಲ್ಲಿಗೆ ಸಾಕು ಎಂದು ಗೆರೆ ಎಳೆದ ಈ ಘಟನೆ ಗಮನಾರ್ಹ.

ನಾಮ್ಕೋ 1981ರಲ್ಲಿ ಹೊರತಂದ 'ಗ್ಯಾಲಗ' ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಶತ್ರು ನಾಯಕ ನಮ್ಮ ನೌಕೆಯನ್ನು ಸೆರೆಹಿಡಿದು ಕೊಂಡೊಯ್ಯುತ್ತಾನೆ. ಎಚ್ಚರಿಕೆಯಿಂದ ಗುರಿಯಿಟ್ಟರೆ ಅದನ್ನು ಬಿಡಿಸಿ ತರಬಹುದು. ಆಗ ಎರಡು ನೌಕೆಗಳು ಜೊತೆಯಾಗಿ ಹೋರಾಡುತ್ತವೆ. ಅವಸರದಲ್ಲಿ ಹೊಡೆದರೆ ಸೆರೆಯಲ್ಲಿರುವ ನಮ್ಮದೇ ನೌಕೆ ನಾಶವಾಗುತ್ತದೆ.

ರಕ್ತ ಚೆಲ್ಲುವ, ಮನುಷ್ಯರನ್ನು ಬೇಟೆಯಾಡುವ ಆಟಗಳನ್ನೂ ಇವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಾಗೆಂದು ಗುಂಡು ಹೊಡೆಯುವುದು ಬಿಟ್ಟು ಬೇರೆ ಆಟವೇ ಬೇಡವೆನ್ನುವ ಮಗುವಿನ ಬಗ್ಗೆ ಎಚ್ಚರ ತಪ್ಪಬಾರದು.

ಹೆಚ್ಚಿನ ಅಪಾಯ ಇರುವುದು ಬೇರೊಂದು ಕಡೆ. ಹಳೆಯ ಆಟದಲ್ಲಿ ಸೋತರೆ ಆಟ ಮುಗಿಯುತ್ತದೆ. ಜಾಯ್‌ಸ್ಟಿಕ್ ಇನ್ನೊಬ್ಬರ ಕೈಗೆ ಹೋಗುತ್ತದೆ. ಮೊಬೈಲ್‌ನ ಎಷ್ಟೋ ಉಚಿತ ಆಟಗಳು ಮುಗಿಯಬಾರದೆಂದೇ ಕಟ್ಟಲ್ಪಟ್ಟಿವೆ. ದಿನವೂ ಬಂದರೆ ಬಹುಮಾನ, ಬಾರದಿದ್ದರೆ ನಷ್ಟ, ಮಧ್ಯೆ ಜಾಹೀರಾತು, ಹಣ ಕೊಟ್ಟರೆ ಹೊಸ ಆಯುಧ. ವಿಶ್ವ ಆರೋಗ್ಯ ಸಂಸ್ಥೆಯು ವೀಡಿಯೋ ಗೇಮ್ ಚಟವನ್ನು ಒಂದು ಅಸ್ವಸ್ಥತೆಯೆಂದು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿ 2022ರ ಜನವರಿಯಲ್ಲಿ ಜಾರಿಗೆ ಬಂತು. ಎಷ್ಟು ಗಂಟೆ ಆಡಿದ ಎಂಬುದಕ್ಕಿಂತ, ಆಟದ ಮೇಲೆ ಹಿಡಿತ ತಪ್ಪಿದೆಯೇ, ಊಟ ನಿದ್ದೆ ಓದು ಎಲ್ಲಕ್ಕಿಂತ ಆಟವೇ ಮುಖ್ಯವಾಗಿದೆಯೇ, ಹಾನಿ ಕಂಡರೂ ನಿಲ್ಲಿಸಲು ಆಗುತ್ತಿಲ್ಲವೇ ಎಂದು ವೈದ್ಯರು ನೋಡುತ್ತಾರೆ. ಸಾಮಾನ್ಯವಾಗಿ ಇದು ಒಂದು ವರ್ಷದಷ್ಟು ಕಾಲ ಮುಂದುವರಿದಿರಬೇಕು. ಆದ್ದರಿಂದ ರಜೆಯಲ್ಲಿ ಎರಡು ದಿನ ಹೆಚ್ಚು ಆಡಿದ ಮಗನನ್ನು "ಚಟಗಾರ" ಎಂದು ಕರೆಯಬೇಡಿ. ಲಕ್ಷಣಗಳು ನಿಜವಾಗಿಯೂ ಕಂಡರೆ ನಾಚಿಕೆಪಡದೆ ನೆರವು ಪಡೆಯಿರಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ಆರಂಭವಾಗಿದೆ.

ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ನಮ್ಮ ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ ಎಂಬುದೂ ಮನೆಮಂದಿಗೆಲ್ಲ ತಿಳಿದಿರಲಿ. ಈ ವಿಷಯದಲ್ಲಿ ಮಕ್ಕಳಿಗಿಂತ ಯುವಕರಿಗೆ, ಕೆಲವು ಅಪ್ಪಂದಿರಿಗೂ ಕಿವಿಮಾತು ಬೇಕಾಗಿದೆ.

ಮನೆಯಲ್ಲಿ ಆಡುವುದಾದರೆ

ನಾವು ಕಂಡುಕೊಂಡ ಕೆಲವು ಮಾತುಗಳನ್ನು ಇಲ್ಲಿ ಹೇಳುತ್ತೇವೆ. ಪ್ರತಿ ಮನೆಯ ಅನುಕೂಲ ಬೇರೆ. ನಿಮಗೆ ಹೊಂದುವುದನ್ನು ಆರಿಸಿಕೊಳ್ಳಿ.

ಆಟ ಚಾವಡಿಯಲ್ಲಿ ನಡೆಯಲಿ, ಮುಚ್ಚಿದ ಕೋಣೆಯಲ್ಲಿ ಬೇಡ. ಟಿ.ವಿ.ಯ ದೊಡ್ಡ ಪರದೆ ಎಲ್ಲರಿಗೂ ಸೇರಿದ್ದು, ಮೊಬೈಲ್‌ನ ಸಣ್ಣ ಪರದೆ ಒಬ್ಬನಿಗೆ.

ಆಟ ಶುರುಮಾಡುವ ಮೊದಲೇ ನಿಲ್ಲಿಸುವ ಹೊತ್ತನ್ನು ಒಪ್ಪಿಕೊಳ್ಳಿ. "ಇನ್ನು ಎರಡು ಹಂತ" ಎಂಬ ಲೆಕ್ಕ "ಇನ್ನು ಹತ್ತು ನಿಮಿಷ" ಎಂಬುದಕ್ಕಿಂತ ಮಕ್ಕಳಿಗೆ ಒಪ್ಪಿಗೆಯಾಗುತ್ತದೆ. ಹಂತದ ನಡುವೆ ಸ್ವಿಚ್ ಆಫ್ ಮಾಡಿದರೆ ಜಗಳ ಖಂಡಿತ.

ಐದು ವರ್ಷದೊಳಗಿನ ಮಕ್ಕಳನ್ನು ಆದಷ್ಟು ದೂರವಿಡಿ. ಎರಡರಿಂದ ನಾಲ್ಕು ವರ್ಷದವರು ಪರದೆಯ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಇನ್ನೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ದುಬಾರಿ ಯಂತ್ರ ಕೊಳ್ಳಲೇಬೇಕೆಂದಿಲ್ಲ. ಸಾಲ ಮಾಡಿಯಂತೂ ಬೇಡವೇ ಬೇಡ. ಒಂದೇ ಹಡಗಿನ ಸುಖ ಕೇರಂ ಬೋರ್ಡಿನಲ್ಲೂ ಇದೆ, ಆಟಿ ತಿಂಗಳ ಮಳೆಗೆ ಅಜ್ಜಿ ಹೊರತೆಗೆಯುವ ಚೆನ್ನೆಮಣೆಯಲ್ಲೂ ಇದೆ.

ಕೊನೆಯದಾಗಿ, ಹೆತ್ತವರು ಸೋಲಲು ಕಲಿಯಬೇಕು. ದಿನವಿಡೀ ತಿದ್ದಿಸಿಕೊಳ್ಳುವ ಮಗುವಿಗೆ ತಂದೆಗೇ ಕಲಿಸುವ ಅವಕಾಶ ಸಿಗುವುದು ಅಪರೂಪ. ಅದನ್ನು ಕಸಿಯಬೇಡಿ.

ಹಡಗಿಗೆ ಜನ ಬೇಕು

ಆ ಮನೆಯ ಕತೆಗೆ ಮರಳೋಣ. ನಾವು ತಂದೆಯನ್ನು ಮತ್ತೆ ಕಂಡು, ನಮ್ಮ ಸಲಹೆಯಲ್ಲಿ ಅರ್ಧ ಮಾತ್ರ ಇತ್ತು, ಕಸಿದುಕೊಳ್ಳಿ ಎಂದೆವು, ಬದಲಿಗೆ ಏನು ಕೊಡಬೇಕೆಂದು ಹೇಳಲಿಲ್ಲ ಎಂದು ಒಪ್ಪಿಕೊಂಡೆವು. ಕ್ರಿಸ್ಮಸ್ ರಜೆಗೆ ಬಂದ ಮಕ್ಕಳ ಮಾಮ ಗಲ್ಫ್‌ನಿಂದ ಒಂದು ಆಟದ ಯಂತ್ರ ತಂದಿದ್ದರು. ಅದರಲ್ಲಿ ನಾವು ಮೇಲೆ ಹೇಳಿದ ದುಂಡು ನೌಕೆಯ ಆಟ ಹಾಕಿಸಿಕೊಂಡರು.

ಮೊದಲ ಸಂಜೆ ಏನೂ ಚೆನ್ನಾಗಿರಲಿಲ್ಲವಂತೆ. ಅಕ್ಕ ಎಲ್ಲರ ಮೇಲೂ ಅಧಿಕಾರ ನಡೆಸಿದಳು. ಅಪ್ಪ ಗುರಾಣಿಯನ್ನು ಪ್ರತಿಸಲವೂ ತಪ್ಪು ದಿಕ್ಕಿಗೆ ತಿರುಗಿಸಿದರು. ಹುಡುಗ ಸಿಟ್ಟಿನಿಂದ ಎದ್ದುಹೋದ. ಎರಡನೆಯ ವಾರ ಹಿಂತಿರುಗಿ ಬಂದ. ಮುಂದೆ ಒಂದು ಶನಿವಾರ ನಾವು ಹೋದಾಗ ನಮ್ಮ ಕೈಗೂ ಒಂದು ಜಾಯ್‌ಸ್ಟಿಕ್ ಕೊಟ್ಟರು. ಎರಡು ನಿಮಿಷದಲ್ಲಿ ನಮ್ಮಿಂದಾಗಿ ನೌಕೆ ಚೂರಾಯಿತು. "ಫಾದರ್, ನೀವು ಬರೇ ನಕ್ಷೆ ನೋಡಿಕೊಳ್ಳಿ, ಬೇರೇನೂ ಮುಟ್ಟಬೇಡಿ" ಎಂದ ಹುಡುಗ. ಕಳೆದ ಮಳೆಗಾಲದಲ್ಲಿ ಮುಖ ತಿರುಗಿಸಿ ಕುಳಿತಿದ್ದ ಅದೇ ಹುಡುಗ. ಜಗಲಿಯಿಂದ ಅಜ್ಜಿ, "ಆ ಮೊಲವನ್ನು ಬಿಡಿಸಿದಿರಾ ಮಕ್ಕಳೇ?" ಎಂದು ಕೇಳುತ್ತಲೇ ಇದ್ದರು.

ಎಲ್ಲವೂ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಮೊನ್ನೆ ಪರೀಕ್ಷೆಯ ಹೊತ್ತಿಗೆ ಮೊಬೈಲ್ ವಿಷಯದಲ್ಲಿ ಮತ್ತೆ ಜಗಳವಾಗಿದೆ. ಮತ್ತೆ ಕಪಾಟಿಗೆ ಬೀಗ ಬಿದ್ದಿದೆ. ಆದರೆ ಈ ಸಲ ಮೌನ ಮೂರು ದಿನ ನಡೆಯಲಿಲ್ಲ ಎಂದು ತಂದೆ ನಗುತ್ತಾ ಹೇಳಿದರು. ಶನಿವಾರ ಸಂಜೆ ಮಗನೇ ಬಂದು ಬಾಗಿಲಲ್ಲಿ ನಿಂತನಂತೆ. "ಪಪ್ಪಾ, ಗುರಾಣಿಗೆ ಜನ ಇಲ್ಲ. ಬರ್ತೀರಾ?"